ರೈಲು ನಿಂತಿತು, ಊರೆಲ್ಲಿ?

ಬಾಗಲಕೋಟೆಯಿಂದ ಗದಗಿನ ಕಡೆಗೆ ರೈಲಿನಲ್ಲಿ ಹೋದವರು ‘ಗುಳೇದಗುಡ್ಡ ರೋಡ್’ ಎಂಬ ಫಲಕವನ್ನು ಓದಿಯೇ ಇರುತ್ತೀರಿ. ರೈಲಿನವರ ಭಾಷೆಯಲ್ಲಿ ಈ ‘ರೋಡ್’ ಎಂಬ ಬಾಲಕ್ಕೆ ಒಂದು ಅರ್ಥವುಂಟು: ಊರು ಇಲ್ಲಿಲ್ಲ, ಊರಿಗೆ ಹೋಗುವ ದಾರಿ ಮಾತ್ರ ಇಲ್ಲಿದೆ! ಕುಬಸದ ಖಣಕ್ಕೆ ಹೆಸರಾದ ಗುಳೇದಗುಡ್ಡ ಅಲ್ಲಿಂದ ಕೆಲವು ಮೈಲಿ ಆಚೆಗಿದೆ. ಬಾದಾಮಿ ನಿಲ್ದಾಣಕ್ಕೆ ಆ ಬಾಲವಿಲ್ಲ. ಆದರೂ ಗುಹೆಗಳನ್ನು ನೋಡಲು ಇಳಿದವರು ಇನ್ನೂ ಸುಮಾರು 5 ಕಿಲೋಮೀಟರು ಸಾಗಬೇಕು.

ಹೀಗೇಕಾಯಿತೆಂದು ನೀವು ಕೇಳಬಹುದು. ಈ ದಾರಿ ಹುಟ್ಟಿದ್ದು ಊರೂರಿನ ಅನುಕೂಲಕ್ಕಾಗಿ ಅಲ್ಲ, ಬರದ ಭೀತಿಯಿಂದ. 1876–78ರ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ ಕಂಗೆಟ್ಟಿತು. ಹೊರಗಿನ ಕಾಳನ್ನು ಚಕ್ಕಡಿಯಲ್ಲಿ ತರೋಣವೆಂದರೆ ಎತ್ತುಗಳಿಗೇ ಮೇವು ನೀರಿಲ್ಲ. ಆದುದರಿಂದ ಸೊಲ್ಲಾಪುರದ ಬಳಿಯ ಹೊಟಗಿಯಿಂದ ಗದಗಿನವರೆಗೆ ದಕ್ಷಿಣ ಮರಾಠಾ ರೈಲ್ವೆಯ ಹಳಿ ಬಿದ್ದಿತು. 1884ರ ಸುಮಾರಿಗೆ ಉಗಿಬಂಡಿ ಓಡಿತು. 1885ರಲ್ಲಿ ಜಿಲ್ಲೆಯ ಮುಖ್ಯ ಠಾಣ್ಯವೇ ಕಲಾದಗಿಯನ್ನು ಬಿಟ್ಟು, ರೈಲು ಕಂಡ ವಿಜಾಪುರಕ್ಕೆ ಹೋಯಿತು. ಕಲಾದಗಿಯವರಿಗೆ ಅದು ಸಣ್ಣ ಪೆಟ್ಟಲ್ಲ.

ಬಾಗಲಕೋಟೆಯ ಹತ್ತಿ ವ್ಯಾಪಾರಿಯ ಮುಂದೆ ಈಗ ಎರಡು ದಾರಿ. ಉತ್ತರಕ್ಕೆ ಹೋದರೆ ಹೊಟಗಿ, ಅಲ್ಲಿಂದ ಮುಂಬಯಿ. ಆದರೆ ನಮ್ಮದು ಮೀಟರ್ ಗೇಜು, ಹಳಿಗಳ ನಡುವೆ ಒಂದೇ ಮೀಟರು; ಮುಂಬಯಿಯ ಹಳಿ ಐದೂವರೆ ಅಡಿಯದು. ಈ ಡಬ್ಬಿ ಆ ಹಳಿಯ ಮೇಲೆ ಓಡದು. ಹೊಟಗಿಯಲ್ಲಿ ಹಮಾಲರು ಅಂಡಿಗೆಗಳನ್ನೆಲ್ಲ ಇಳಿಸಿ ಮತ್ತೆ ಏರಿಸಬೇಕು. ಸಮುದ್ರವಿಲ್ಲದ ಧಕ್ಕೆಯೆಂದರೆ ಅದೇ! ದಕ್ಷಿಣಕ್ಕೆ ಹೋದರೆ ಗದಗು, ಹುಬ್ಬಳ್ಳಿ, ಲೋಂಡಾ ದಾಟಿ ಗೋವೆಯ ಮಾರ್ಮಗೋವಾ ಬಂದರು. 1888ರಲ್ಲಿ ಆ ಘಟ್ಟದ ದಾರಿಯೂ ಮುಗಿದ ಮೇಲೆ, ಒಂದೇ ಗೇಜಿನಲ್ಲಿ ನೇರವಾಗಿ ಹಡಗಿನ ಮಗ್ಗುಲಿಗೆ ಹೋಗಲು ಅನುವಾಯಿತು.

ಹುನಗುಂದ, ಇಳಕಲ್ಲುಗಳ ಪಾಲಿಗೆ ಮಾತ್ರ ರೈಲು ದೂರದ ಸಿಳ್ಳೆಯಾಗಿಯೇ ಉಳಿಯಿತು. ಇಳಕಲ್ಲಿನಿಂದ ಬಾಗಲಕೋಟೆ ಸುಮಾರು 60 ಕಿಲೋಮೀಟರು. ಹತ್ತಿಯ ಒಡಲಿಗೆ ರೇಶಿಮೆಯ ಸೆರಗನ್ನು ಕೊಂಡಿ ಹಾಕಿ ಕೂಡಿಸುವ ಆ ಊರಿಗೆ ಹಳಿಯ ಕೊಂಡಿ ಸಿಗಲಿಲ್ಲ. ನಾಡಿನಾಚೆಗೂ ಹೆಸರು ಮಾಡಿದ ಆ ಸೀರೆ ಮೊದಲು ರಸ್ತೆಯನ್ನೇ ಹಿಡಿಯಬೇಕಾಯಿತು.

ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಒಂದು ಭಾಗವನ್ನು ನುಂಗಿತು. ಜನ ನವನಗರಕ್ಕೆ ಸರಿದರು. ಮೀಟರ್ ಗೇಜೂ ಹೋಗಿ ಬ್ರಾಡ್ ಗೇಜು ಬಂದಿತು; ಹೊಟಗಿಯಲ್ಲಿ ಮಾಲು ಬದಲಿಸುವ ಕೆಲಸ ನಿಂತಿತು. ಗದಗ–ವಾಡಿ ಹೊಸ ದಾರಿಯಲ್ಲಿ 2025ರಲ್ಲಿ ಕುಷ್ಟಗಿಯವರೆಗೆ ರೈಲು ಬಂದಿತು. ಇಳಕಲ್ಲಿನವರು ರೈಲು ಹಿಡಿಯಲು ಬಾಗಲಕೋಟೆಯವರೆಗೆ ಹೋಗಬೇಕಾಗಿಲ್ಲ. ಕುಷ್ಟಗಿ ಅವರಿಗೆ ಅದಕ್ಕಿಂತ ಹತ್ತಿರ.