‘ಉಸಿರುಗಟ್ಟಿ ಸಾವು’ ಎಂಬ ಮಾತು ಮುಚ್ಚಿಡುವ ವಿಷ

2022ರ ಏಪ್ರಿಲ್‌ನಲ್ಲಿ, ಹಗರಿಬೊಮ್ಮನಹಳ್ಳಿಯಿಂದ ಹೊಸಪೇಟೆಗೆ ಹೋಗುವ ದಾರಿಯ ಮರಿಯಮ್ಮನಹಳ್ಳಿಯಲ್ಲಿ ನಡುರಾತ್ರಿ ಮನೆಗೆ ಬೆಂಕಿ ಬಿದ್ದು ಗಂಡ, ಹೆಂಡತಿ, ಇಬ್ಬರು ಮಕ್ಕಳು ತೀರಿಕೊಂಡರು. ಉಸಿರುಗಟ್ಟಿ ಸತ್ತರು ಎಂದು ವರದಿಯಾಯಿತು. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್‌ನಲ್ಲಿ 9 ಮಂದಿ ಸತ್ತಾಗ, ಹೊಗೆ ತಾಳಲಾರದೆ ಕಿಟಕಿಯಿಂದ ಜಿಗಿದವರನ್ನು ಬಿಟ್ಟರೆ ಉಳಿದವರ ಬಗ್ಗೆಯೂ ಇದೇ ಮಾತು. ಗಾಳಿ ಸಿಗಲಿಲ್ಲ ಎಂಬುದು ಅದರ ಅರ್ಥ. ಹೊಗೆ ತುಂಬಿದ ಕೋಣೆಯಲ್ಲಿ ಸಾಮಾನ್ಯವಾಗಿ ಆಗುವುದು ಬೇರೆ: ಉಸಿರು ಆಡುತ್ತಲೇ ಇರುತ್ತದೆ, ವಿಷ ಒಳಗಿಳಿಯುತ್ತಿರುತ್ತದೆ. ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್ನಿಗೆ ಅಂಟುತ್ತದೆ. ಸಯನೈಡ್ ಇನ್ನೂ ಒಳಗೆ ಹೋಗಿ, ರಕ್ತ ತಂದುಕೊಟ್ಟ ಆಮ್ಲಜನಕವನ್ನು ಜೀವಕೋಶ ಬಳಸದಂತೆ ಮಾಡುತ್ತದೆ. ಕಣಜ ತುಂಬಿದ್ದರೂ ಒಲೆ ಉರಿಯದ ಮನೆಯ ಸ್ಥಿತಿ ಅದು.

ಕಾರ್ಬನ್ ಮಾನಾಕ್ಸೈಡ್ ಒಂದೇ ಕೊಲ್ಲಲು ಸಾಕಲ್ಲ, ಸಯನೈಡಿನ ಮಾತೇಕೆ ಎಂದು ಕೇಳಬಹುದು. ಪ್ಯಾರಿಸ್ಸಿನ ವೈದ್ಯರು 109 ಮಂದಿ ಬೆಂಕಿ ಸಂತ್ರಸ್ತರ ರಕ್ತ ಪರೀಕ್ಷಿಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸತ್ತವರ ರಕ್ತದ ಸಯನೈಡ್ ಸರಾಸರಿ ಬದುಕಿದವರದಕ್ಕಿಂತ ಐದು ಪಟ್ಟಿಗೂ ಹೆಚ್ಚಿತ್ತು. ಫೋಮ್ ಹಾಸಿಗೆ, ಸೋಫಾ, ನೈಲಾನ್ ಪರದೆ ಉರಿದರೆ ಅದು ಹುಟ್ಟುತ್ತದೆ. ಹಾಗೆಂದು ಎಲ್ಲ ತಪ್ಪನ್ನೂ ಪ್ಲಾಸ್ಟಿಕ್ಕಿನ ಮೇಲೆ ಹೊರಿಸುವಂತಿಲ್ಲ. ನಮ್ಮ ಕುರಿ ಉಣ್ಣೆಯ ಕಂಬಳಿ, ರೇಷ್ಮೆ ಸೀರೆಯೂ ಸುಟ್ಟರೆ ಸಯನೈಡ್ ಬಿಡುತ್ತವೆ. ಒದ್ದೆ ಬಟ್ಟೆ ಮೂಗಿಗೆ ಹಿಡಿದರೆ ಮಸಿ ತಡೆದೀತು, ಕಾರ್ಬನ್ ಮಾನಾಕ್ಸೈಡನ್ನಲ್ಲ.

ತಾಲ್ಲೂಕು ಆಸ್ಪತ್ರೆಯಲ್ಲಿ ಇದನ್ನೆಲ್ಲ ಪತ್ತೆ ಹಚ್ಚುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಸಯನೈಡ್ ಪರೀಕ್ಷೆಯ ಫಲಿತಾಂಶ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಆದರೆ ಹೊಗೆ ಕುಡಿದು ಬಂದವರಲ್ಲಿ, ದೊಡ್ಡ ಸುಟ್ಟಗಾಯ ಇಲ್ಲದಿದ್ದಾಗ, ರಕ್ತದ ಲ್ಯಾಕ್ಟೇಟ್ ಲೀಟರಿಗೆ 10 ಮಿಲಿಮೋಲ್ ಮುಟ್ಟಿದರೆ ಸಯನೈಡ್ ಶಂಕಿಸಲು ಅದು ಬಲವಾದ ಸುಳಿವೆಂದು ಅದೇ ಅಧ್ಯಯನ ಹೇಳಿತು. ಮದ್ದು ಹೈಡ್ರಾಕ್ಸೊಕೊಬಾಲಮಿನ್, ಅಂದರೆ ಬಿ12 ಜೀವಸತ್ವದ ಒಂದು ರೂಪ. ಸಯನೈಡನ್ನು ತಬ್ಬಿಕೊಂಡು ಮೂತ್ರದಲ್ಲಿ ಹೊರಹೋಗುತ್ತದೆ. ಸಾಮಾನ್ಯ ಬಿ12 ಚುಚ್ಚುಮದ್ದು ಸಾಲದು: ಅದರಲ್ಲಿರುವುದು 1 ಮಿಲಿಗ್ರಾಂ, ವಯಸ್ಕರಿಗೆ ಬೇಕಿರುವುದು 5 ಗ್ರಾಂ. ದುಬಾರಿ ಮದ್ದು, ನಿಜ. ಪ್ರತಿ ಊರಲ್ಲಿ ಇಡಲಾಗದಿದ್ದರೂ ಜಿಲ್ಲಾ ಆಸ್ಪತ್ರೆಯಲ್ಲಿ ಇಡಬಹುದು. ಶುದ್ಧ ಆಮ್ಲಜನಕವಂತೂ ಕೈಯಳತೆಯಲ್ಲೇ ಇದೆ. ಬರೀ ಗಾಳಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 99 ತೋರಿಸಿತೆಂದು ಮಾಸ್ಕ್ ತೆಗೆಯುವಂತಿಲ್ಲ, ಕಾರ್ಬನ್ ಮಾನಾಕ್ಸೈಡ್ ಹೊತ್ತ ರಕ್ತವೂ ಅದರ ಕಣ್ಣಿಗೆ ಆಮ್ಲಜನಕ ತುಂಬಿದ ರಕ್ತದಂತೆಯೇ ಕಾಣುತ್ತದೆ.