ಡೆಸ್ಟ್ರಾಯರ್ ಮತ್ತು ಕಾರವಾರದ ಕ್ಷಿಪಣಿ ದೋಣಿ

ಡೆಸ್ಟ್ರಾಯರ್ ಎಂಬ ಯುದ್ಧನೌಕೆ ಹುಟ್ಟಿದ್ದು ದೊಡ್ಡ ಹಡಗುಗಳನ್ನು ಪುಟ್ಟ ದೋಣಿಗಳಿಂದ ಕಾಪಾಡುವುದಕ್ಕೆ. 1866ರಲ್ಲಿ ರಾಬರ್ಟ್ ವೈಟ್‌ಹೆಡ್ ನೀರೊಳಗೆ ತಾನಾಗಿ ಚಲಿಸುವ ಟಾರ್ಪಿಡೊವನ್ನು ರೂಪಿಸಿದ ಮೇಲೆ ಸಮುದ್ರದ ಲೆಕ್ಕಾಚಾರವೇ ಬದಲಾಯಿತು. ಹತ್ತಾರು ಟನ್ ತೂಗುವ ವೇಗದ ದೋಣಿಯೊಂದು ಕತ್ತಲಲ್ಲಿ ನುಸುಳಿ ಬಂದು ಸಾವಿರಾರು ಟನ್ನಿನ ಯುದ್ಧನೌಕೆಯ ತಳ ಒಡೆಯಬಹುದಿತ್ತು. ಇಂಥ ದೋಣಿಗಳನ್ನು ಬೆನ್ನಟ್ಟಿ ಹೊಡೆಯಲು ಬ್ರಿಟನ್ 1893ರಲ್ಲಿ ‘ಹ್ಯಾವೊಕ್’ ಮತ್ತು ಅದರ ಜೊತೆಯ ಕೆಲವು ನೌಕೆಗಳನ್ನು ನೀರಿಗಿಳಿಸಿತು. ‘ಟಾರ್ಪಿಡೊ ಬೋಟ್ ಡೆಸ್ಟ್ರಾಯರ್’ ಎನ್ನುವುದು ಅವುಗಳ ಪೂರ್ತಿ ಹೆಸರು.

ವೇಗಕ್ಕಾಗಿ ಡೆಸ್ಟ್ರಾಯರ್ ರಕ್ಷಾಕವಚವನ್ನು ಬಿಟ್ಟುಕೊಟ್ಟಿತು. ಉದ್ದನೆಯ ಕಿರಿದಾದ ಮೈ, ತೆಳು ಉಕ್ಕಿನ ಹಲಗೆ, ಹೊಟ್ಟೆಯ ತುಂಬ ಬಾಯ್ಲರು ಮತ್ತು ಟರ್ಬೈನು. ಎರಡು ಮಹಾಯುದ್ಧಗಳಲ್ಲಿ ಜಲಾಂತರ್ಗಾಮಿಗಳ ಬೇಟೆ, ವಿಮಾನಗಳ ವಿರುದ್ಧ ಕಾವಲು, ಸರಕು ಹಡಗುಗಳ ಬೆಂಗಾವಲು ಎಲ್ಲವೂ ಇದರ ಪಾಲಿಗೇ ಬಂದವು. ಸ್ವತಂತ್ರ ಭಾರತ 1949ರಲ್ಲಿ ಬ್ರಿಟನ್ನಿನಿಂದ ಇಂಥ ಮೂರು ನೌಕೆಗಳನ್ನು ಪಡೆದು ರಜಪೂತ್, ರಣಜಿತ್, ರಾಣಾ ಎಂದು ಹೆಸರಿಟ್ಟಿತು.

ಯಾರನ್ನು ಅಟ್ಟಲು ಡೆಸ್ಟ್ರಾಯರ್ ಹುಟ್ಟಿತ್ತೋ ಆ ಪುಟ್ಟ ದೋಣಿ ಮುಕ್ಕಾಲು ಶತಮಾನದ ಬಳಿಕ ಬೇರೊಂದು ಆಯುಧ ಹೊತ್ತು ತಿರುಗಿ ಬಂತು. 1967ರ ಅಕ್ಟೋಬರ್ 21ರಂದು ಈಜಿಪ್ಟಿನ ಕ್ಷಿಪಣಿ ದೋಣಿಗಳು ಪೋರ್ಟ್ ಸೈದ್ ಬಂದರಿನ ಹತ್ತಿರದಿಂದಲೇ ಇಸ್ರೇಲಿನ ‘ಐಲಾತ್’ ಡೆಸ್ಟ್ರಾಯರನ್ನು ಮುಳುಗಿಸಿದವು. ನಾಲ್ಕು ವರ್ಷಗಳ ನಂತರ, 1971ರ ಡಿಸೆಂಬರ್ 4ರ ರಾತ್ರಿ, ಭಾರತದ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ಎರಗಿದವು. ನಿರ್ಘಾತ್ ಬಿಟ್ಟ ಎರಡು ಕ್ಷಿಪಣಿಗಳಿಗೆ ಪಾಕಿಸ್ತಾನದ ‘ಖೈಬರ್’ ಡೆಸ್ಟ್ರಾಯರ್ ಬಲಿಯಾಯಿತು. ಅದೂ ಬ್ರಿಟನ್ ಕಟ್ಟಿದ ಹಡಗೇ. ಕತ್ತಲಲ್ಲಿ ಹೊಳೆಯುತ್ತ ಬಂದದ್ದನ್ನು ವಿಮಾನವೆಂದು ತಿಳಿದ ಖೈಬರಿನ ನಾವಿಕರು ಅದರತ್ತ ವಿಮಾನವಿರೋಧಿ ತೋಪು ಹಾರಿಸಿದ್ದರು. ಡಿಸೆಂಬರ್ 4 ನೌಕಾಪಡೆ ದಿನವಾದದ್ದು ಈ ದಾಳಿಯ ನೆನಪಿಗೆ.

ಈ ದೋಣಿಗಳು ದೂರ ಓಡುವಂಥವಲ್ಲ. ಸೋವಿಯತ್ ಒಕ್ಕೂಟದಿಂದ ಸರಕು ಹಡಗಿನ ಮೇಲೆ ಬಂದ ಇವನ್ನು ಎತ್ತಿ ಇಳಿಸಬಲ್ಲ ಕ್ರೇನು ಮುಂಬಯಿಯಲ್ಲಿ ಇರಲಿಲ್ಲ. ಹಾಗಾಗಿ ಕಲ್ಕತ್ತೆಯಲ್ಲಿ ಇಳಿಸಿ, ಅಲ್ಲಿಂದ ದೊಡ್ಡ ಹಡಗುಗಳಿಗೆ ಹಗ್ಗ ಕಟ್ಟಿ ಮುಂಬಯಿಗೆ ಎಳೆದು ತರಬೇಕಾಯಿತು. ಎಳೆದೊಯ್ದರೆ ಕರಾಚಿಯನ್ನೂ ಮುಟ್ಟಬಹುದೆಂಬ ಯೋಚನೆಗೆ ದಾರಿಯಾದದ್ದು ಈ ಪರದಾಟವೇ.

ಆ ಜಾತಿಯ ಒಂದು ದೋಣಿ ಕರ್ನಾಟಕದ ಕಡಲ ದಂಡೆಯಲ್ಲೇ ಉಳಿದಿದೆ. ತೆಕ್ಕಟ್ಟೆ, ಕುಂದಾಪುರ, ಬೈಂದೂರು ಹಾದು ಉತ್ತರಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಕಾರವಾರದಲ್ಲಿ ರವೀಂದ್ರನಾಥ ಟ್ಯಾಗೋರ್ ಕಡಲತೀರದ ಮಗ್ಗುಲಿಗೆ ಬರುತ್ತದೆ. ಅಲ್ಲಿ ಮರಳ ಮೇಲೆ ನಿಂತಿರುವುದೇ ಐಎನ್‌ಎಸ್ ಚಪಲ್. ಪತ್ರಿಕೆಗಳಲ್ಲಿ ‘ಚಾಪೆಲ್’ ಎಂದೂ ಬರೆಯುವುದುಂಟು. ಕರಾಚಿ ದಾಳಿಯ ಕೀರ್ತಿಯನ್ನು ಇದಕ್ಕೂ ಅಂಟಿಸುವ ರೂಢಿಯಿದೆ, ಆದರೆ ಕಾಲ ಹೊಂದುವುದಿಲ್ಲ: ಚಪಲ್ ಸೇವೆಗೆ ಸೇರಿದ್ದು 1976ರಲ್ಲಿ. ಕರಾಚಿಗೆ ಹೋದದ್ದು ‘ಓಸಾ’ ವರ್ಗದ ಮೊದಲ ಮಾದರಿ, ಇದು ಅದರ ಸುಧಾರಿತ ಎರಡನೆಯ ಮಾದರಿ. 2005ರಲ್ಲಿ ನಿವೃತ್ತಿಯಾದ ಮೇಲೆ ಇದನ್ನು ವಸ್ತುಸಂಗ್ರಹಾಲಯವಾಗಿ ಮಾಡಲಾಯಿತು.

ಚಪಲ್ ಸುಮಾರು 39 ಮೀಟರ್ ಉದ್ದ, ಏಳೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು ಅಗಲ. ತೂಕ 250 ಟನ್ನಿನ ಒಳಗೆ. ಅಕ್ಕಪಕ್ಕದಲ್ಲಿ ಓರೆಯಾಗಿ ಕುಳಿತ ನಾಲ್ಕು ದಪ್ಪ ಕೊಳವೆಗಳೇ ಇದರ ಮುಖ್ಯ ಅಂಗ. ಒಂದೊಂದರಲ್ಲೂ ಎರಡು ಟನ್ನಿಗೂ ಹೆಚ್ಚು ತೂಗುವ, ಆರು ಮೀಟರಿನಷ್ಟು ಉದ್ದದ ಒಂದು ಕ್ಷಿಪಣಿ ಇರುತ್ತಿತ್ತು. ದೋಣಿಯ ರಡಾರ್ ಗುರಿಯನ್ನು ಕಂಡು, ದಿಕ್ಕು ದೂರಗಳನ್ನು ಕ್ಷಿಪಣಿಗೆ ಮೊದಲೇ ತಿಳಿಸುತ್ತದೆ. ಹೊರಟ ಕೆಲವೇ ಕ್ಷಣಗಳಲ್ಲಿ ಕೆಳಗಿನ ಘನ ಇಂಧನದ ರಾಕೆಟ್ ಕಳಚಿ ಬೀಳುತ್ತದೆ, ದ್ರವ ಇಂಧನದ ಎಂಜಿನ್ ಮುಂದಿನ ಕೆಲಸ ವಹಿಸಿಕೊಳ್ಳುತ್ತದೆ. ಗುರಿ ಸಮೀಪಿಸಿದಾಗ ಕ್ಷಿಪಣಿಯ ಮೂತಿಯಲ್ಲಿರುವ ಸ್ವಂತ ರಡಾರ್ ಚಾಲೂ ಆಗಿ, ಎದುರಿನ ಲೋಹದ ರಾಶಿಯಿಂದ ಮರಳುವ ಅಲೆಗಳನ್ನು ಹಿಡಿದು ನುಗ್ಗುತ್ತದೆ. ಸಿಡಿತಲೆಯ ತೂಕ ಅರ್ಧ ಟನ್ನಿನ ಆಸುಪಾಸು. ತೆಳು ಹಲಗೆಯ ಡೆಸ್ಟ್ರಾಯರ್ ಇದರ ಮುಂದೆ ನಿಲ್ಲಲಾರದು.

ಎಂಜಿನ್ ಕೂಡ ಸಾಮಾನ್ಯದ್ದಲ್ಲ. ಕೊಡೆಯ ಕಡ್ಡಿಗಳಂತೆ ನಡುವಿನ ದಂಡದ ಸುತ್ತ ಏಳು ಸಾಲು ಸಿಲಿಂಡರುಗಳು, ಸಾಲಿಗೆ ಎಂಟರಂತೆ ಒಟ್ಟು 56. ಇಂಥ ಮೂರು ಡೀಸೆಲ್ ಎಂಜಿನ್ನುಗಳು ಸೇರಿ 15,000 ಅಶ್ವಶಕ್ತಿ ಕೊಡುತ್ತಿದ್ದವು. ಗಂಟೆಗೆ 65 ಕಿಲೋಮೀಟರಿಗೂ ಮೀರಿದ ಓಟ ಸಾಧ್ಯವಾದದ್ದು ಇದರಿಂದ. ಅಷ್ಟೊಂದು ಸಿಲಿಂಡರುಗಳನ್ನು ಅಷ್ಟು ಇಕ್ಕಟ್ಟಿನಲ್ಲಿ ಬಿಚ್ಚಿ ಜೋಡಿಸುವ ಕಷ್ಟವನ್ನು ಕಡಲೂರಿನ ಯಾವ ಬೋಟು ಮೆಕ್ಯಾನಿಕ್ ಕೂಡ ಊಹಿಸಬಲ್ಲ.

ಡೆಸ್ಟ್ರಾಯರ್ ಇದರಿಂದ ಅಳಿಯಲಿಲ್ಲ. ಕ್ಷಿಪಣಿಯನ್ನು ತಾನೇ ಹೊತ್ತು, ಬರುವ ಕ್ಷಿಪಣಿಯನ್ನು ಹೊಡೆದುರುಳಿಸುವ ಕ್ಷಿಪಣಿಯನ್ನೂ ಇಟ್ಟುಕೊಂಡು ಇನ್ನಷ್ಟು ಬೆಳೆಯಿತು. ಮೈಸೂರು ಹೆಸರಿನ ಎರಡು ಹಡಗುಗಳಲ್ಲಿ ಈ ಬದಲಾವಣೆ ಕಾಣುತ್ತದೆ. ಮೊದಲನೆಯ ಐಎನ್‌ಎಸ್ ಮೈಸೂರು ಬ್ರಿಟನ್ನಿನ ‘ನೈಜೀರಿಯಾ’ ಎಂಬ ತೋಪಿನ ಕ್ರೂಸರ್. 1957ರಲ್ಲಿ ಭಾರತದ ಸೇವೆಗೆ ಸೇರಿ, 1971ರಲ್ಲಿ ಪಶ್ಚಿಮ ನೌಕಾಬಳಗದ ಧ್ವಜನೌಕೆಯಾಗಿತ್ತು. ಎರಡನೆಯದು ಮುಂಬಯಿಯ ಮಝಗಾಂವ್ ಡಾಕ್ ಕಟ್ಟಿದ, 1999ರಲ್ಲಿ ಸೇವೆಗೆ ಬಂದ 163 ಮೀಟರಿನ ಡೆಸ್ಟ್ರಾಯರ್. ಎರಡರ ಲಾಂಛನವೂ ಗಂಡಭೇರುಂಡವೇ. ಹಳೆಯ ಮೈಸೂರು 1985ರಲ್ಲಿ ನಿವೃತ್ತಿಯಾಗಿ ಗುಜರಿ ಸೇರಿತು. ಮೈಸೂರಿನ ಹೆಸರು ಹೊತ್ತ ಆ ಕ್ರೂಸರ್ ಉಳಿಯದೆ, 250 ಟನ್ನಿನ ದೋಣಿ ಉಳಿದದ್ದರಲ್ಲಿ ಅಚ್ಚರಿಯೇನೂ ಇಲ್ಲ. ಹಡಗು ದೊಡ್ಡದಾದಷ್ಟೂ ಅದನ್ನು ಉಳಿಸುವುದು ಕಷ್ಟ.

ಐಎನ್‌ಎಸ್ ವಿಕ್ರಾಂತ್ ಇದಕ್ಕೆ ಸಾಕ್ಷಿ. 1997ರಲ್ಲಿ ನಿವೃತ್ತಿಯಾದ ಆ ವಿಮಾನವಾಹಕ ನೌಕೆಯನ್ನು ಮುಂಬಯಿಯಲ್ಲಿ ತೇಲುತ್ತಿರುವಂತೆಯೇ ವಸ್ತುಸಂಗ್ರಹಾಲಯ ಮಾಡಲಾಗಿತ್ತು. ಉಪ್ಪುನೀರಿನಲ್ಲಿ ನಿಂತ ಉಕ್ಕನ್ನು ಆಗಾಗ ನೀರು ಬಸಿಯಬಲ್ಲ ದುರಸ್ತಿ ಕಟ್ಟೆಗೆ, ಅಂದರೆ ಡ್ರೈಡಾಕಿಗೆ, ಒಯ್ದು ಕೆರೆದು, ಬಣ್ಣ ಹೊಡೆದು, ಜಿಂಕ್ ತುಂಡುಗಳನ್ನು ಬದಲಿಸದಿದ್ದರೆ ತಳ ಸವೆಯುತ್ತದೆ. ಉಕ್ಕಿನ ಬೋಟುಗಳ ತಳಕ್ಕೆ ಹಾಕುವುದೂ ಇದೇ ಜಿಂಕ್: ಉಕ್ಕಿಗಿಂತ ಮೊದಲು ತಾನು ಕರಗಿ ಉಕ್ಕನ್ನು ಕಾಯುತ್ತದೆ. 2012ರಲ್ಲಿ ಸುರಕ್ಷತೆಯ ಕಾರಣಕ್ಕೆ ವಿಕ್ರಾಂತ್ ಬಾಗಿಲು ಮುಚ್ಚಿತು, 2014ರಲ್ಲಿ ಒಡೆಯಲು ಮಾರಾಟವಾಯಿತು. ಅದರ ಲೋಹದ ಒಂದಿಷ್ಟು ಪಾಲು ಬಜಾಜ್ ಕಂಪನಿಯ ಮೋಟರ್‌ಸೈಕಲ್ಲಿಗೆ ಬಳಕೆಯಾಯಿತು.

ಕೆನಡಾದ ‘ಹೈಡಾ’ಗೆ ಅದೃಷ್ಟ ಒದಗಿತು. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳಿಗಾಗಿ ಕಟ್ಟಿದ 27 ‘ಟ್ರೈಬಲ್’ ವರ್ಗದ ಡೆಸ್ಟ್ರಾಯರುಗಳಲ್ಲಿ ಉಳಿದದ್ದು ಅದೊಂದೇ. 1963ರಲ್ಲಿ ನಿವೃತ್ತಿಯಾದ ಮೇಲೆ ನಾಗರಿಕರ ಗುಂಪೊಂದು ಕೊಂಡು ಗುಜರಿಯಿಂದ ಉಳಿಸಿತು. ಈಗ ಅದು ಒಂಟಾರಿಯೊ ಸರೋವರದ ಹ್ಯಾಮಿಲ್ಟನ್ನಿನಲ್ಲಿದೆ. ಸಿಹಿನೀರಿನಲ್ಲಿ ತುಕ್ಕು ನಿಧಾನ. ಹಾಗಿದ್ದೂ 2003ರಲ್ಲಿ ಅಲ್ಲಿಗೆ ಒಯ್ಯುವ ಮೊದಲು ಡ್ರೈಡಾಕಿನಲ್ಲಿ ದೊಡ್ಡ ದುರಸ್ತಿ ಬೇಕಾಯಿತು.

ಚಪಲ್ ದಂಡೆಯ ಮೇಲಿರುವುದರಿಂದ ಡ್ರೈಡಾಕಿನ ಖರ್ಚಿಲ್ಲ, ಆದರೆ ತುಕ್ಕಿನಿಂದ ಬಿಡುಗಡೆಯಿಲ್ಲ. ಸದಾ ಮುಳುಗಿರುವ ಉಕ್ಕಿಗಿಂತ ಒದ್ದೆಯಾಗಿ ಒಣಗಿ ಮತ್ತೆ ಒದ್ದೆಯಾಗುವ ಉಕ್ಕಿಗೆ ಎಷ್ಟೋ ಸಲ ಬೇಗ ತುಕ್ಕು ಹಿಡಿಯುತ್ತದೆ, ಏಕೆಂದರೆ ತೆಳುವಾದ ನೀರಿನ ಪದರದ ಮೂಲಕ ಆಮ್ಲಜನಕ ಸುಲಭವಾಗಿ ಒಳಬರುತ್ತದೆ. ಕಡಲ ಗಾಳಿ ತಂದ ಉಪ್ಪು ಹಲಗೆಯ ಮೇಲೆ ಕುಳಿತು ತೇವವನ್ನು ಹೀರುತ್ತಲೇ ಇರುತ್ತದೆ. ಇನ್ನೊಂದು ತೊಡಕು ಓಸಾ ದೋಣಿಗಳ ಕಟ್ಟಡದಲ್ಲೇ ಇದೆ: ಒಡಲು ಉಕ್ಕಿನದು, ಮೇಲಿನ ಕೋಣೆಗಳು ಅಲ್ಯೂಮಿನಿಯಂ–ಮೆಗ್ನೀಸಿಯಂ ಮಿಶ್ರಲೋಹದವು. ಎರಡು ಲೋಹ ಕೂಡುವಲ್ಲಿ ಉಪ್ಪುನೀರು ನಿಂತರೆ ವಿದ್ಯುತ್ಕೋಶವೇ ಏರ್ಪಟ್ಟು ಅಲ್ಯೂಮಿನಿಯಂ ಸವೆದುಹೋಗುತ್ತದೆ. ತೇಲುವಾಗ ಒಡಲಿನ ಉದ್ದಕ್ಕೂ ಹಂಚಿಹೋಗುತ್ತಿದ್ದ ಭಾರ ದಂಡೆಯಲ್ಲಿ ಕೆಲವೇ ಆಧಾರಗಳ ಮೇಲೆ ಬೀಳುತ್ತದೆ. ನಾವಿಕರಿದ್ದಾಗ ಕೆರೆದು ಬಣ್ಣ ಹೊಡೆಯುವುದು ನಿತ್ಯದ ಕೆಲಸವಾಗಿತ್ತು. ಈಗ ಪ್ರತಿ ಮಳೆಗಾಲದ ಮುಂಚೆ ಡೆಕ್ಕಿನ ನೀರು ಹರಿದುಹೋಗುವ ಕಿಂಡಿಗಳನ್ನು ಬಿಡಿಸಿ, ಮುಚ್ಚಿದ ಕೋಣೆಗಳಿಗೆ ಗಾಳಿಯಾಡಿಸಿ, ಶ್ರವಣಾತೀತ ಧ್ವನಿಯ ಮಾಪಕದಿಂದ ಹಲಗೆಗಳ ದಪ್ಪ ಅಳೆದು, ತೆಳುವಾದಲ್ಲಿ ಹೊಸ ಉಕ್ಕು ಬೆಸೆಯುವುದೊಂದೇ ಇಂಥ ನೌಕೆಯನ್ನು ಉಳಿಸಿಕೊಳ್ಳುವ ದಾರಿ.