ಎತ್ತು ಏರಿಗೆ, ಕೋಣ ನೀರಿಗೆ?

ಮನೆಯ ಮೇಜಿನ ಮೇಲಿನ ಕಂಪ್ಯೂಟರು ಏಳೆಂಟು ವರ್ಷ ದುಡಿದು ಬಸವಳಿದಿದೆ. ಮಗಳು ತನ್ನ ಕಾಲೇಜಿನ ಪ್ರಬಂಧವನ್ನು ತೆರೆಯಲು ಒತ್ತಿದರೆ, ಅದು ಪರದೆಯ ಮೇಲೆ ಮೂಡುವಷ್ಟರಲ್ಲಿ ತಾಯಿ ಒಳಗಿನಿಂದ ಕಾಫಿ ಸೋಸಿ ತಂದಿರುತ್ತಾಳೆ. ಒಳಗಿರುವ ೪ ಜಿಬಿ ರ‍್ಯಾಮ್ ಈಗಿನ ಕೆಲಸಗಳಿಗೆ ಸಾಲದು. ೮ ಜಿಬಿಯ ಹೊಸದೊಂದನ್ನು ತರಲು ತಂದೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊರಟು ನಿಂತಾಗ ಸಹಜವಾಗಿಯೇ ಪ್ರಶ್ನೆಯೊಂದು ಏಳುತ್ತದೆ: ಹಳೆಯದರ ಗತಿಯೇನು?

ಎತ್ತು ಏರಿಗೆ, ಕೋಣ ನೀರಿಗೆ ಎಂಬ ಗಾದೆಯನ್ನು ನೆನೆದು, ಹಳೆಯದನ್ನು ಕಿತ್ತೆಸೆದು ಜೋಡಿಯನ್ನೇ ಹೊಸದಾಗಿ ಕೊಳ್ಳುವವರುಂಟು. ೨೦೨೫ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಬೃಹತ್ ಕೇಂದ್ರಗಳ ಬೇಡಿಕೆಯಿಂದಾಗಿ ರ‍್ಯಾಮಿನ ಬೆಲೆ ಗಗನಕ್ಕೇರಿತು. ಅಂದಿನಿಂದ ಈ ಔದಾರ್ಯ ಜೇಬಿಗೆ ಭಾರವೇ ಸರಿ. ಅದರ ಅಗತ್ಯವೂ ಬಹುಮಟ್ಟಿಗೆ ಇಲ್ಲ.

ಅರ್ಧ ಗೇಣಿಗಿಂತ ತುಸು ಉದ್ದದ ಆ ಪಟ್ಟಿಯಿಂದ ಪ್ರೊಸೆಸರಿಗೆ ಹೋಗುವ ಹಾದಿಯಲ್ಲಿ ಒಮ್ಮೆಗೆ ೬೪ ಬಿಟ್‌ಗಳು ಸಾಗುತ್ತವೆ. ಎರಡು ಹಾದಿಗಳಲ್ಲಿ ಸಮಾನವಾದ ಎರಡು ಪಟ್ಟಿಗಳಿದ್ದರೆ ೧೨೮. ಪಟ್ಟಿಗಳು ಅಸಮಾನವಾದರೆ? ಇಂಟೆಲ್ ಸಂಸ್ಥೆಯವರು ಇದಕ್ಕೊಂದು ಜಾಣ ಏರ್ಪಾಡನ್ನು ಮಾಡಿದ್ದಾರೆ. ಹೊಸದರ ೮ರಲ್ಲಿ ೪ ಜಿಬಿ, ಹಳೆಯದರ ೪ ಜಿಬಿಯೊಡನೆ ಜೊತೆಗೂಡಿ ಎರಡು ಹಾದಿಯ ವೇಗದಲ್ಲಿ ದುಡಿಯುತ್ತದೆ. ಮಿಕ್ಕ ೪ ಜಿಬಿ ಒಂಟಿ ಹಾದಿಯಲ್ಲಿ ನಡೆಯುತ್ತದೆ. ಒಟ್ಟು ೧೨ ಜಿಬಿಯಲ್ಲಿ ಒಂದಿಷ್ಟೂ ಪೋಲಾಗುವುದಿಲ್ಲ. ರ‍್ಯಾಮ್ ಸಾಲದಾದಾಗ ಕಂಪ್ಯೂಟರು ಅದಕ್ಕಿಂತ ಎಷ್ಟೋ ಪಾಲು ನಿಧಾನವಾದ ಡಿಸ್ಕಿನ ಮೊರೆಹೋಗುತ್ತದೆ. ಕಾಫಿ ಸೋಸುವಷ್ಟು ವಿಳಂಬಕ್ಕೆ ಅನೇಕ ವೇಳೆ ಅದೇ ಕಾರಣ. ಆದ್ದರಿಂದ ಬರೆವಣಿಗೆ, ಲೆಕ್ಕಪತ್ರ, ಇಂಟರ್‌ನೆಟ್ಟುಗಳಿಗೆ ಸಾಲದ ಸರಿಜೋಡಿಗಿಂತ ಸಾಕಷ್ಟಿರುವ ಬೆಸಜೋಡಿಯೇ ಮೇಲು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲದ ಯಂತ್ರದಲ್ಲಿ ಆಟವಾಡುವ ಹುಡುಗರಿಗೆ ಮಾತ್ರ ಸಮಜೋಡಿಯ ಲಾಭ ಕಣ್ಣಿಗೆ ಕಾಣುವಂತಹುದು.

ವೇಗದ ಮಾತು ಬೇರೆ. ಪ್ರತಿ ಪಟ್ಟಿಯ ಮೇಲೂ ತನ್ನ ಗಾತ್ರ, ವೇಗಗಳ ವಿವರವನ್ನು ಹೊತ್ತ ಪುಟ್ಟ ಚಿಪ್ಪೊಂದಿರುತ್ತದೆ. ಮದರ್‌ಬೋರ್ಡು ಅದನ್ನು ಓದಿಕೊಂಡು ಇಬ್ಬರಿಗೂ ಒಗ್ಗುವ ವೇಗವನ್ನು ಆರಿಸುತ್ತದೆ. ೨೬೬೬ರ ಪಟ್ಟಿಯನ್ನು ೨೪೦೦ರದರೊಡನೆ ಹಾಕಿದರೆ ಎರಡೂ ೨೪೦೦ರಲ್ಲಿಯೇ ಓಡುತ್ತವೆ. ಮನೆಮಂದಿಯೆಲ್ಲ ತಿರುಪತಿಯ ಬೆಟ್ಟವನ್ನು ಹತ್ತುವಾಗ ಅಜ್ಜಿಯ ನಡಿಗೆಯೇ ಎಲ್ಲರ ನಡಿಗೆಯಾಗುವುದಿಲ್ಲವೆ?

ಎಂದಿಗೂ ಬೆರೆಯದುದು ಪೀಳಿಗೆ. ಡಿಡಿಆರ್೩ಕ್ಕೆ ೨೪೦ ಪಿನ್ನುಗಳು, ೧.೫ ವೋಲ್ಟು, ಡಿಡಿಆರ್೪ಕ್ಕೆ ೨೮೮ ಪಿನ್ನುಗಳು, ೧.೨ ವೋಲ್ಟು. ಡಿಡಿಆರ್೫ಕ್ಕೂ ಪಿನ್ನುಗಳು ೨೮೮ ಎಂಬುದೇನೋ ನಿಜ. ಆದರೆ ಅಂಚಿನ ಕಚ್ಚು ಬೇರೆಡೆ ಇದೆ. ಕೂರದ ಪಟ್ಟಿಯನ್ನು ಒತ್ತಿ ತುರುಕುವ ಸಾಹಸ ಸಲ್ಲದು. ಹಳೆಯದನ್ನು ಅಂಗಡಿಗೇ ಒಯ್ದು ತೋರಿಸುವುದು ಕ್ಷೇಮ.

ಎಲ್ಲಿ ಸಿಕ್ಕಿಸಬೇಕೆಂಬುದೂ ಮುಖ್ಯ. ನಾಲ್ಕು ಸ್ಲಾಟುಗಳಿರುವ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು ಜೋಡಿಗೆ ಮೀಸಲು. ಬೋರ್ಡಿನ ಕೈಪಿಡಿಯಲ್ಲಿ ಚಿತ್ರವಿರುತ್ತದೆ. ಎರಡನ್ನೂ ಒಂದೇ ಹಾದಿಯ ಸ್ಲಾಟುಗಳಲ್ಲಿಟ್ಟರೆ ಮೇಲೆ ಹೇಳಿದ ಜಂಟಿ ದುಡಿಮೆ ನಡೆಯದು. ವಿದ್ಯುತ್ತಿನ ತಂತಿಯನ್ನು ಕಿತ್ತು, ಪೆಟ್ಟಿಗೆಯ ಬರಿಯ ಲೋಹವನ್ನೊಮ್ಮೆ ಮುಟ್ಟಿ, ಕ್ಲಿಪ್ಪು ಟಕ್ಕೆನ್ನುವ ತನಕ ಒತ್ತಿದರಾಯಿತು.

ಇಷ್ಟಾದರೂ ಕೆಲವು ಪಟ್ಟಿಗಳು ಒಂದಕ್ಕೊಂದು ಹೊಂದುವುದಿಲ್ಲ. ಯಂತ್ರ ಏಳದಿದ್ದರೆ ತಿಳಿದೀತು. ಕೆಡುಕೆಲ್ಲ ಎದ್ದು ಕೆಲಸಮಾಡುತ್ತಲೇ ಒಳಗೊಳಗೆ ತಪ್ಪುವುದರಲ್ಲಿದೆ. ಹಾಗಾದರೆ ತಿಂಗಳುಗಟ್ಟಲೆ ಬರೆದ ಪ್ರಬಂಧದ ಕಡತವೇ ಸದ್ದಿಲ್ಲದೆ ಕೆಡಬಹುದು. ಆದುದರಿಂದ ಮಗಳ ಬರೆಹದ ಪ್ರತಿಯೊಂದನ್ನು ಮೊದಲೇ ಪೆನ್‌ಡ್ರೈವಿಗೆ ಹಾಕಿಟ್ಟು, ಮೆಮ್‌ಟೆಸ್ಟ್೮೬ ಎಂಬ ತಪಾಸಣೆಯನ್ನು ರಾತ್ರಿಯಿಡೀ ನಡೆಸಬೇಕು. ಬೆಳಗ್ಗೆ ಒಂದೇ ಒಂದು ದೋಷ ಕಂಡರೂ ಪಟ್ಟಿಗಳನ್ನು ಒಂದೊಂದಾಗಿ ಬೇರೆ ಹಾಕಿ ನೋಡತಕ್ಕದ್ದು. ಹೊಸದರಲ್ಲಿಯೇ ದೋಷವಿದ್ದರೆ ರಸೀದಿಯೊಡನೆ ಅಂಗಡಿಗೆ ಮರಳುವುದು; ಎರಡೂ ಒಂಟಿಯಾಗಿ ಸರಿಯಿದ್ದು ಜೊತೆಯಲ್ಲಿ ಮಾತ್ರ ತಪ್ಪಿದರೆ, ಆಗ ಹಳೆಯ ೪ ಜಿಬಿಗೆ ನಿವೃತ್ತಿ.